ನಗದೇ ನಿಂತವರು

ಎಜ್‌ವೇರ್, ಲಂಡನ್
೧೧ ಅಕ್ಟೋಬರ್ ೧೯೯೮

ತಮ್ಮಾ ಕಲ್ಲಯ್ಯ,

ಈ ಕಾಗದ ನೋಡಿ ನಿನಗೆ ಆಶ್ಚರ್ಯವಾದೀತು. ಎರಡು ವರ್ಷದ ಹಿಂದೆ ಗದಗಿನ ಬಸ್ ನಿಲ್ದಾಣದಲ್ಲಿ ನಿನ್ನ ನಾಟಕದ ಕೆಲಸದ ಬಗ್ಗೆ ನಾನು ಒಂದು ಮಾತು ಆಡಿದೆ, ನೀನು ಬ್ಯಾಗು ಎತ್ತಿಕೊಂಡು ಹೊರಟುಹೋದೆ. ಅಲ್ಲಿಂದ ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಆ ಮಾತು ಈಗ ಬೇಡ. ನಿಮ್ಮ ನಾಟಕ ಕಂಪನಿಯ ಕ್ಯಾಂಪು ಈಗ ಯಾವ ಊರಿನಲ್ಲಿದೆಯೋ ತಿಳಿಯದೆ ಗದಗಿನ ವಿಳಾಸಕ್ಕೇ ಹಾಕಿದ್ದೇನೆ. ಹೇಗೋ ನಿನ್ನ ಕೈ ಸೇರಲಿ. ಏಕೆಂದರೆ ಇದನ್ನು ನಿನಗಲ್ಲದೆ ಇನ್ನಾರಿಗೂ ಹೇಳಲು ಬರುವಂತಿಲ್ಲ.

ನಾನು ಇಲ್ಲಿನ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದ್ದೇನೆ. ಮನೆಯಿಂದ ಹೊರಗೆ ಬರಲಾಗದ ವಯಸ್ಸಾದವರಿಗೆ ಪುಸ್ತಕ, ಕ್ಯಾಸೆಟ್ಟು ಒಯ್ದು ಕೊಡುವ ಕೆಲಸ. ಅವರಲ್ಲಿ ಒಬ್ಬರು ಹ್ಯಾನಾ ಸ್ಟರ್ನ್. ಮೂಲ ನ್ಯೂಯಾರ್ಕಿನವರು, ಎಂಬತ್ತೆಂಟು ವಯಸ್ಸು, ಒಬ್ಬರೇ ಒಂದು ಫ್ಲ್ಯಾಟಿನಲ್ಲಿ ಇದ್ದಾರೆ. ಕಳೆದ ವಾರ ಬಾಗಿಲು ತೆಗೆದವರೇ ಏನೋ ಒಂದು ತಮಾಷೆ ಹೇಳಿದರು. ನನಗೆ ನಗು ಬರಲಿಲ್ಲ, ಸುಮ್ಮನೆ ಮುಖ ನೋಡಿದೆ. ಅವರು ಚಪ್ಪಾಳೆ ತಟ್ಟಿಬಿಟ್ಟರು!

ಅವರು ಆಡುವುದು ಇಂಗ್ಲಿಷ್. ಆದರೆ ನಾನು ನಿನಗೆ ನಮ್ಮ ಗದಗಿನ ಮಾತಿನಲ್ಲೇ ಬರೆಯುತ್ತೇನೆ. ಹಾಗೆ ಬರೆದರೇ ಅವರ ದನಿ ನಿನಗೆ ಕೇಳಿಸೀತು.

"ಏ ಹುಡುಗಿ, ಇಂಥಾ ನಗಲಾರದ ಮಾರಿ ಎಲ್ಲಿ ಸಿಕ್ಕಿತು ನಿನಗ? ಇದಕ್ಕ ನಾವು ಊರೂರು ಹುಡುಕತಿದ್ವಿ" ಅಂದರು.

ಅವರು ಆರನೆಯ ವಯಸ್ಸಿಗೇ ಅಮೆರಿಕದ ರಂಗಮಂದಿರಗಳಲ್ಲಿ ಹಾಸ್ಯ ಮಾಡಲು ಸೇರಿದವರಂತೆ! ಒಂದೇ ಸಂಜೆಗೆ ಹಾಡು, ಕುಣಿತ, ದೊಂಬರಾಟ, ನಾಯಿಯ ಆಟ, ನಡುನಡುವೆ ಹಾಸ್ಯ. ಅದಕ್ಕೆ ಅಲ್ಲಿ ವಾಡ್ವಿಲ್ ಅಂತ ಹೆಸರು. ಒಂದು ಊರಿನಲ್ಲಿ ಒಂದು ವಾರ, ಮತ್ತೆ ಟ್ರಂಕು ಕಟ್ಟಿಕೊಂಡು ರೈಲು. "ಥೇಟ್ ನನ್ನ ತಮ್ಮನ ಹಾಗೆ" ಎಂದು ಬಾಯಿಗೆ ಬಂದುಬಿಟ್ಟಿತು. ಈ ದೇಶಕ್ಕೆ ಬಂದು ಇಷ್ಟು ವರ್ಷವಾಯಿತು, ನಿನ್ನ ಕೆಲಸ ಏನೆಂದು ನಾನು ಒಬ್ಬರಿಗೂ ಹೇಳಿದವಳಲ್ಲ. ಅವರು ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೇಳಿದರು: "ಒಬ್ಬನೇ ಮಾಡ್ತಾನೋ, ಜೋಡಿ ಅದಾನೋ?"

ನನಗೆ ಉತ್ತರ ಗೊತ್ತಿರಲಿಲ್ಲ, ತಮ್ಮಾ. ಅದನ್ನು ಕೇಳಲೆಂದೇ ಬರೆದೆ.

ನಿನ್ನ ಅಕ್ಕ
ರಜನಿ

---

ಇಳಕಲ್ ಕ್ಯಾಂಪು
೩೦ ಅಕ್ಟೋಬರ್ ೧೯೯೮

ಅಕ್ಕನಿಗೆ ಶರಣು.

ಕಾಗದ ಮುಟ್ಟಿತು. ಭಾವನವರು ಕ್ಷೇಮವೆಂದು ನಂಬಿದ್ದೇನೆ.

ಜೋಡಿ ಇದ್ದೇನೆ. ಬಸವಂತಪ್ಪನವರು ಮತ್ತು ನಾನು, ಹನ್ನೆರಡು ವರ್ಷದಿಂದ. ನೀನು ನಮ್ಮ ಆಟ ನೋಡಿಲ್ಲವಾದ್ದರಿಂದ ಹೇಳುತ್ತೇನೆ. ಅವರು ಊರ ಗೌಡರು, ನಾನು ಅವರ ಆಳು. ಗೌಡರು ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡು ಕೂತಿದ್ದಾರೆ. ಕ್ಷೌರದ ಕತ್ತಿ ತರಲು ಹೋದ ಆಳು ಬರಿಗೈಲಿ ಬಂದು, ಕತ್ತಿ ಯಾಕೆ ಸಿಗಲಿಲ್ಲವೆಂಬ ಕಥೆ ಶುರುಮಾಡುತ್ತಾನೆ. ಕಥೆ ಮುಗಿಯುವುದಿಲ್ಲ, ಸೋಪು ಒಣಗುತ್ತ ಹೋಗುತ್ತದೆ. ಬಸವಂತಪ್ಪನವರಿಗೆ ಮಾತೇ ಇಲ್ಲ. ಜನ ಬೆಂಚಿನಿಂದ ಬೀಳುವಷ್ಟು ನಗುತ್ತಾರೆ.

ಒಂದು ಸುದ್ದಿ ಇದೆ. ಬೆಂಗಳೂರಿನ ಒಂದು ಟೀವಿ ಚಾನೆಲ್ಲಿನಿಂದ ಸತ್ಯನಾರಾಯಣ ಎಂಬ ನಿರ್ಮಾಪಕರು ಬಂದು ಆಟ ನೋಡಿದರು. ವಾರಕ್ಕೊಂದು ಹಾಸ್ಯ ಕಾರ್ಯಕ್ರಮ ಮಾಡಲು ನನ್ನನ್ನು ಕರೆದಿದ್ದಾರೆ. ನನ್ನೊಬ್ಬನನ್ನೇ.

"ನೋಡಿ ಕಲ್ಲಯ್ಯ, ಆ ದೊಡ್ಡೋರು ಸುಮ್ನೆ ಕೂತಿರ್ತಾರೆ. ಟೀವೀಲಿ ಸುಮ್ನೆ ಕೂತೋರನ್ನ ಯಾರ್ರೀ ನೋಡ್ತಾರೆ?" ಅಂದರು.

ಈಗ ಹಳ್ಳಿಹಳ್ಳಿಗೂ ಟೀವಿ ಬಂದಿದೆ, ನಮ್ಮ ಥೇಟರಿನಲ್ಲಿ ಹಿಂದಿನ ಸಾಲುಗಳು ಖಾಲಿ ಇರುತ್ತವೆ. ಬಸವಂತಪ್ಪನವರಿಗೆ ಇನ್ನೂ ಹೇಳಿಲ್ಲ. ನಿನ್ನ ಮುದುಕಿಗೆ ನಮಸ್ಕಾರ ತಿಳಿಸು.

ಕಲ್ಲಯ್ಯ

---

ಎಜ್‌ವೇರ್
೨೨ ನವೆಂಬರ್ ೧೯೯೮

ತಮ್ಮಾ,

ನಿನ್ನ ಕಾಗದ ಹಿಡಿದುಕೊಂಡು ಓಡಿದೆ. ನಿಜಕ್ಕೂ ಓಡಿದೆ. ಸ್ಟೇಷನ್ ರೋಡಿನಲ್ಲಿ ಬಸ್ಸಿಗೆ ಕಾಯುವ ತಾಳ್ಮೆ ಇರಲಿಲ್ಲ. ಅರ್ಧ ಮುಖದ ಸೋಪಿನ ಸಂಗತಿ ಹೇಳಿದ್ದೇ ತಡ, ಹ್ಯಾನಾ ಕೋಲು ನೆಲಕ್ಕೆ ಬಡಿದು, "ಆ ಸೋಪಿನಾಂವ ನನ್ನ ಅಣ್ಣ ಅಂತ ತಿಳಿ!" ಅಂದರು.

ಇಷ್ಟು ದಿನ ನಾನು ತಿಳಿದದ್ದೇ ತಪ್ಪು. ಜನರನ್ನು ನಗಿಸುತ್ತಿದ್ದವರು ಹ್ಯಾನಾ ಅಲ್ಲ, ಅವರ ಗೆಳತಿ ಲಿಲ್. ಹ್ಯಾನಾ ಪಕ್ಕದಲ್ಲಿ ನಿಂತು ನಗದೇ ಇರುತ್ತಿದ್ದವರು. ಹದಿನಾಲ್ಕನೆಯ ವಯಸ್ಸಿನಲ್ಲಿ ಜೊತೆಯಾದರಂತೆ. ಲಿಲ್ ಟೋಪಿ ಕೊಳ್ಳಲು ಬಂದವಳು, ಹ್ಯಾನಾ ಅಂಗಡಿಯಾಕೆ. ಆ ಒಂದು ಹತ್ತು ನಿಮಿಷದ ಆಟವನ್ನು ವರ್ಷಗಟ್ಟಲೆ ಊರೂರು ತಿರುಗಿ ಆಡಿದರು. ಊರು ಬದಲಾದರೆ ಆಟ ಹೊಸದು.

ಆಮೇಲೆ ಮಾತಾಡುವ ಸಿನಿಮಾ ಬಂತು. ರಂಗಮಂದಿರಗಳು ಒಂದೊಂದಾಗಿ ಸಿನಿಮಾ ಥೇಟರ್ ಆದವು. ರೇಡಿಯೋ ಬಂತು. "ರೇಡಿಯೋ ಅಂದ್ರ ಹಸಿದ ಎಮ್ಮಿ ಇದ್ದಂಗ. ನಾವು ಹತ್ತು ವರ್ಷ ಉಂಡ ಹಾಸ್ಯದ ಮೇವು ಒಂದ ಸಂಜಿಗೆ ಮೇದ ಬಿಡತಿತ್ತು. ಮುಂದಿನ ವಾರ ಮತ್ತ ಬಾಯಿ ತೆರಕೊಂಡು ನಿಂತಿರತಿತ್ತು" ಅಂದರು. ಎಮ್ಮೆ ನನ್ನದು, ಅವರು ಬೇರೆ ಏನೋ ಪ್ರಾಣಿ ಹೇಳಿದ್ದರು! ಮೈಕಿನ ಮುಂದೆ ಬರೀ ಗೋಡೆ ನೋಡಿ ಹಾಸ್ಯ ಹೇಳಲು ಬರುವುದಿಲ್ಲವೆಂದು ಹಾಸ್ಯಗಾರರು ಹಟ ಮಾಡಿದರಂತೆ. ಆಗ ಸ್ಟುಡಿಯೋದೊಳಗೇ ಕುರ್ಚಿ ಹಾಕಿ ಜನರನ್ನು ಕೂರಿಸಿದರು. ಬೇಸಿಗೆಯಲ್ಲಿ ಬೆಟ್ಟದ ಹೋಟೆಲುಗಳಲ್ಲಿ ಆಟ. ಹೀಗೇ ಜೀವ ಹಿಡಿದುಕೊಂಡಿದ್ದಾಗ ಟೀವಿ ಬಂತು. ಆಗ ಎಲ್ಲವೂ ನೇರ ಪ್ರಸಾರ, ತಪ್ಪಿದರೆ ತಿದ್ದುವಂತಿಲ್ಲ. ಅದಕ್ಕೆ ಎದೆಗಾರಿಕೆ ಇದ್ದವರು ಯಾರು? ಹಳೆಯ ರಂಗದವರೇ! ಎಲ್ಲರನ್ನೂ ಹುಡುಕಿ ಹುಡುಕಿ ಕರೆದರು. ಲಿಲ್‌ಳನ್ನೂ ಕರೆದರು.

ಲಿಲ್‌ಳನ್ನು ಮಾತ್ರ.

"ನೀವೇನು ಮಾಡಿದಿರಿ?" ಎಂದು ಕೇಳಿದೆ.

"ಹೋಗು ಅಂದೆ. ಮತ್ತೇನನ್ಲಿ?"

ಮೊದಲ ಕಾರ್ಯಕ್ರಮದ ದಿನ ಹ್ಯಾನಾ ಒಂದು ರೇಡಿಯೋ ಅಂಗಡಿಯ ಎದುರು ಗುಂಪಿನಲ್ಲಿ ನಿಂತು, ಗಾಜಿನ ಆಚೆ ಇದ್ದ ಟೀವಿಯಲ್ಲಿ ನೋಡಿದರಂತೆ. ದನಿ ಕೇಳುತ್ತಿರಲಿಲ್ಲ. ಲಿಲ್ ಅದೇ ಟೋಪಿಯ ಆಟ ಒಬ್ಬಳೇ ಆಡುತ್ತಿದ್ದಳು. ಒಂದೊಂದು ಮಾತಿಗೂ ನಿಂತು ಎಡಕ್ಕೆ ನೋಡುತ್ತಿದ್ದಳು. ಅಲ್ಲಿ ಯಾರೂ ಇರಲಿಲ್ಲ.

"ಆಕೆ ಆಮೇಲೆ ನಿಮಗೆ ಬರೆದಳೇ?" ಎಂದೆ. ಹ್ಯಾನಾ ಚಹಾ ಮಾಡಲು ಹೇಳಿದರು. ನಾನು ಎದ್ದು ಹೋಗಿ ಮಾಡಿದೆ.

ನೀನು ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ಹಿಂದೊಮ್ಮೆ ಹೇಳಿ ಸಾಕಾಗಿದೆ. ಬಸವಂತಪ್ಪನವರಿಗೆ ಹೇಳಿದೆಯಾ?

ರಜನಿ

---

ಎಜ್‌ವೇರ್
೨೪ ಜನವರಿ ೧೯೯೯

ತಮ್ಮಾ,

ನಿನ್ನಿಂದ ಉತ್ತರವಿಲ್ಲ. ಬೆಂಗಳೂರಿಗೆ ಹೋಗಿರಬೇಕೆಂದು ಊಹೆ. ಇರಲಿ, ನನ್ನ ಸುದ್ದಿ ಕೇಳು!

ನಮ್ಮ ಲೈಬ್ರರಿಯಲ್ಲಿ ಮಾರ್ಚ್ ತಿಂಗಳು ಹ್ಯಾನಾ ಅವರ ಉಪನ್ಯಾಸ ಇಡಬೇಕೆಂದು ನಾನೇ ಸೂಚಿಸಿದೆ: ಅಮೆರಿಕದ ಹಾಸ್ಯ ರಂಗದಿಂದ ಟೀವಿಗೆ ಹೇಗೆ ಬಂತು ಎಂಬ ವಿಷಯ. ಎಲ್ಲರೂ ಒಪ್ಪಿದರು. ಹ್ಯಾನಾ ಒಪ್ಪಲಿಲ್ಲ.

"ಭಾಷಣ ಯಾಂವ ಕೇಳ್ತಾನ? ಆಡಿ ತೋರಿಸ್ತೀನಿ. ಈ ಸಲ ಟೋಪಿ ಕೊಳ್ಳಾಕ ಬರಾಕಿ ನಾನು. ಅಂಗಡಿಯಾಕಿ ನೀನು."

ನಾನು! ಶಾಲೆಯ ಗ್ಯಾದರಿಂಗಿನಲ್ಲಿ ಮರದ ಪಾತ್ರ ಕೊಟ್ಟರೂ ಅತ್ತವಳು. ವಾರಕ್ಕೆ ಎರಡು ಮಧ್ಯಾಹ್ನ ಅವರ ಫ್ಲ್ಯಾಟಿನಲ್ಲಿ ತಾಲೀಮು. ನಗದೇ ಇರುವುದು ಸುಮ್ಮನಿರುವುದಲ್ಲವಂತೆ. ಅಂಗಡಿಯಾಕೆಗೆ ಈ ಹುಚ್ಚು ಹೆಂಗಸಿಗೆ ಟೋಪಿ ಮಾರಲೇಬೇಕು, ಅದು ಅವಳ ಬಾಳು. ಆ ಆಸೆ ಕಣ್ಣಿನಲ್ಲಿದ್ದರೆ ಮಾತ್ರ ಜನ ನಗುತ್ತಾರಂತೆ. "ನಗಿಸಾಕಿ ಗಾಳಿಪಟ. ನೀ ದಾರ. ದಾರ ಬಿಟ್ಟರ ಪಟ ಎಲ್ಲಿ ಬೀಳತದ?"

ನಿನ್ನ ಭಾವನವರಿಗೆ ಹೇಳಿದೆ. ಅವರು ಆಫೀಸಿನ ಕಾಗದದಿಂದ ತಲೆ ಎತ್ತದೆ, "ಸ್ಟೇಜ್ ಮೇಲೆ ನೀನಾ? ಅದೆಲ್ಲ ನಮ್ಮನೇಲಿ ಯಾರೂ ಮಾಡಿಲ್ವಲ್ಲೇ" ಅಂದರು.

"ನಮ್ಮನೇಲಿ ಮಾಡ್ಯಾರ" ಅಂದೆ. ಅವರು ಆಗ ತಲೆ ಎತ್ತಿದರು.

ರಜನಿ

---

ಬೆಂಗಳೂರು
೧೪ ಫೆಬ್ರವರಿ ೧೯೯೯

ಅಕ್ಕನಿಗೆ ಶರಣು.

ನಿನ್ನ ಎರಡೂ ಕಾಗದ ಕಂಪನಿಯವರು ಇಲ್ಲಿಗೆ ಕಳಿಸಿದರು. ನಿನ್ನ ಊಹೆ ಸರಿ. ಬಸವಂತಪ್ಪನವರಿಗೆ ಹೇಳಿದೆ. ಅವರು ಬಣ್ಣ ಒರೆಸಿಕೊಳ್ಳುತ್ತಿದ್ದವರು, "ಹೋಗಿ ಬಾರಪಾ. ಇಂಥಾದ್ದು ಮತ್ತ ಬರೂದಿಲ್ಲ" ಅಂದರು. ಬಸ್ಸಿನವರೆಗೂ ಬಂದು ನನ್ನ ಟ್ರಂಕು ಮೇಲೆ ಹಾಕಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ಇಲ್ಲಿ ಮೊದಲ ದಿನ ಎಂಥ ಹುರುಪು! ನನಗೆಂದೇ ಒಂದು ಕೋಣೆ, ಬಾಗಿಲ ಮೇಲೆ ನನ್ನ ಹೆಸರು. ದೀಪಗಳ ಬೆಳಕಿಗೆ ಹಗಲೇ ಮಂಕಾಗುವಂತಿತ್ತು. ಸೋಪಿನ ಕಥೆಯಿಂದಲೇ ಆರಂಭಿಸಿದೆ. ಗೌಡರ ಜಾಗದಲ್ಲಿ ಖಾಲಿ ಕುರ್ಚಿ. ಎದುರಿಗೆ ಮೂರು ಕ್ಯಾಮೆರಾ, ಕಿವಿಗೆ ಯಂತ್ರ ಹಾಕಿಕೊಂಡ ಹುಡುಗರು. ನಾನು ಮಾತು ಬಿಟ್ಟೆ, ಜನ ನಗಲೆಂದು ತಡೆದೆ. ಯಾರೂ ನಗಲಿಲ್ಲ. ಶಬ್ದ ಮಾಡಬಾರದೆಂದು ಆ ಹುಡುಗರಿಗೆ ಆಜ್ಞೆ.

"ನಿಲ್ಲಿಸ್ಬೇಡಿ ಕಲ್ಲಯ್ಯ, ನಗು ಆಮೇಲೆ ಹಾಕ್ತೀವಿ" ಅಂದರು ಸತ್ಯನಾರಾಯಣ.

ನಗು ಆಮೇಲೆ ಹಾಕುತ್ತಾರಂತೆ, ಅಕ್ಕ! ಪೆಟ್ಟಿಗೆಯಲ್ಲಿಟ್ಟ ನಗು. ಮರುದಿನ ತೋರಿಸಿದರು. ನಾನು ಉಸಿರೆಳೆದುಕೊಳ್ಳುವ ಕಡೆ ನಗು, ನಗಬೇಕಾದ ಕಡೆ ಮೌನ. ನಿನ್ನ ಲಿಲ್ ಎಡಕ್ಕೆ ನೋಡಿದ್ದನ್ನು ಓದಿದಾಗ, ಹೆಂಗಸರ ಮನಸ್ಸು ಮೆತ್ತಗೆ ಅಂದುಕೊಂಡಿದ್ದೆ. ಟೇಪು ನೋಡಿದರೆ ನಾನೂ ಮಾತುಮಾತಿಗೆ ಆ ಕುರ್ಚಿಯನ್ನೇ ನೋಡಿದ್ದೇನೆ.

ಹನ್ನೆರಡು ವರ್ಷದ ಸರಕು ನಾಲ್ಕು ವಾರಕ್ಕೆ ಮುಗಿಯಿತು. ನಿನ್ನ ಎಮ್ಮೆ ಬಾಯಿ ತೆರೆದು ನಿಂತಿದೆ.

ನೀನು ವೇದಿಕೆ ಹತ್ತುತ್ತೀ ಎಂದು ಓದಿ, ಕೋಣೆಯಲ್ಲಿ ಒಬ್ಬನೇ ಜೋರಾಗಿ ನಕ್ಕೆ. ಇಲ್ಲಿಗೆ ಬಂದ ಮೇಲೆ ಅದೊಂದೇ ನಿಜವಾದ ನಗು.

ಕಲ್ಲಯ್ಯ

---

ಎಜ್‌ವೇರ್
೨೧ ಮಾರ್ಚ್ ೧೯೯೯

ತಮ್ಮಾ! ತಮ್ಮಾ!

ಆಡಿದೆ! ನಿನ್ನ ಅಕ್ಕ ಆಡಿದಳು!

ಶನಿವಾರ ಮಧ್ಯಾಹ್ನ. ಲೈಬ್ರರಿಯ ಪುಸ್ತಕದ ಕಪಾಟುಗಳನ್ನೆಲ್ಲ ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದೆವು. ಕುರ್ಚಿ ಸಾಲದೆ ಜನ ಕಿಟಕಿಕಟ್ಟೆಯ ಮೇಲೆ ಕೂತರು. ಕೊನೆಯ ಸಾಲಿನಲ್ಲಿ ಭಾವನವರು, ಕೋಟು ಕೂಡ ತೆಗೆಯದೆ.

ಹ್ಯಾನಾ ಮೊದಲು ಕುರ್ಚಿಯಲ್ಲಿ ಕೂತು, ವಾಡ್ವಿಲ್ಲಿನಿಂದ ಹಿಡಿದು ಟೀವಿಯವರೆಗೆ ನಿನಗೆ ಬರೆದ ಕಥೆಯನ್ನೆಲ್ಲ ಹೇಳಿದರು. ಬೇರೆ ಬೇರೆ ದೇಶದಿಂದ ಬಂದವರು ತಮ್ಮ ಹರುಕುಮುರುಕು ಇಂಗ್ಲಿಷನ್ನೇ ಹಾಸ್ಯ ಮಾಡಿ ಅಮೆರಿಕವನ್ನು ನಗಿಸಿದ್ದನ್ನು ಹೇಳಿದಾಗ, ಲಂಡನ್ನಿನ ಆ ತುದಿಯ ಇಲ್ಫರ್ಡಿನಿಂದ ಬಂದಿದ್ದ ನಮ್ಮ ದೇಶದವರ ಗುಂಪೊಂದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯಿತು. ಆಮೇಲೆ ಹ್ಯಾನಾ ಎದ್ದು, ಗರಿ ಸಿಕ್ಕಿಸಿದ ತಮ್ಮ ಹಸಿರು ಟೋಪಿ ಹಾಕಿಕೊಂಡು, ನನ್ನ ಅಂಗಡಿಗೆ ಬಂದರು.

"ಈ ಟೋಪಿ ನನಗ ಒಪ್ಪತದೇನು?"

"ಅದು ನೀವ ಹಾಕ್ಕೊಂಡ ಬಂದ ಟೋಪಿರೀ."

"ಹೌದಾ? ಇದಕ್ಕ ಎಷ್ಟು?"

"ಅಮ್ಮಾರ, ಅದು ನಿಮ್ಮದ."

"ನನ್ನದು ಅಂತ ನಿನಗ ಹೆಂಗ ಗೊತ್ತು? ನಾವಿನ್ನೂ ಈಗ ಭೆಟ್ಟಿ ಆಗೇವಿ!"

ನಗು ಬಂತು ನೋಡು! ಬಂದು ಎದೆಗೆ ಬಡಿಯುತ್ತದೆ, ಅಕ್ಷರಶಃ ಬಡಿಯುತ್ತದೆ. ಇದನ್ನು ನೀನು ಯಾಕೆ ಮೊದಲೇ ಹೇಳಲಿಲ್ಲ?

ಅರ್ಧಕ್ಕೆ ಬಂದಿದ್ದೆವು. ಹ್ಯಾನಾ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಮುಂದಿನ ಮಾತು ಅವರದು. ಬರಲಿಲ್ಲ. ಅವರ ಕಣ್ಣು ನೋಡಿದೆ. ಮಾತು ಪೂರ್ತಿ ಹೋಗಿಬಿಟ್ಟಿತ್ತು. ಎಂಬತ್ತೆಂಟು ವರ್ಷ. ಮುಂದಿನ ಸಾಲಿನ ಒಬ್ಬಾಕೆ ಸಹಾಯಕ್ಕೆ ಏಳುತ್ತಿದ್ದಳು. ನಾನು ಏಳಬೇಡವೆಂಬಂತೆ ಅವಳನ್ನು ನೋಡಿದೆ. ಆಮೇಲೆ ಹ್ಯಾನಾರನ್ನು ನೋಡಿದೆ. ಅಂಗಡಿಯಾಕೆಯಾಗಿಯೇ ನೋಡಿದೆ. ಟೋಪಿ ಎತ್ತಿ ಒಳಗೆ ಇಣುಕಿದೆ, ಬೋರಲು ಹಾಕಿ ಝಾಡಿಸಿದೆ. ಕೆಳಗೆ ಏನೂ ಬೀಳಲಿಲ್ಲ. ಆಗ ಬಾಯಿಂದ ಬಂದೇ ಬಂತು:

"ಅಮ್ಮಾರ, ಬರೂವಾಗ ತಲಿನೂ ತಂದಿದ್ರೇನು?"

ತಮ್ಮಾ, ನಗುವಿಗೆ ಛಾವಣಿಯೇ ಹಾರಿತು! ಆ ಗದ್ದಲದಲ್ಲಿ ಹ್ಯಾನಾ ಮುಖಕ್ಕೆ ಬೆಳಕು ಮರಳಿತು. "ತಂದಿದ್ದೆ. ಇಲ್ಲೇ ಎಲ್ಲೋ ಇಟ್ಟೆ" ಎನ್ನುತ್ತ ಮೇಜಿನ ಕೆಳಗೆ ಬಗ್ಗಿ ಹುಡುಕತೊಡಗಿದರು. ಅಲ್ಲಿಂದ ಮುಂದಿನ ಮಾತು ತಾನೇ ನೆನಪಾಯಿತು, ಆಟ ಮುಗಿಯುವವರೆಗೂ ಓಡಿತು.

ಒಳಗಿನ ಕೋಣೆಗೆ ಬಂದ ಮೇಲೆ ಅವರು ನನ್ನ ಕೈ ಬಿಡಲೇ ಇಲ್ಲ. "ನಗು ಈ ನಗಿಸಾಕಿ ಕಡಿಗೆ ಬಂದ್ರ ಹೆಂಗಿರತದ ಅಂತ ಇವತ್ತ ಗೊತ್ತಾತು. ಆದರ ಹುಡುಗಿ, ನಿನ್ನ ಕಡೀನ ಛಲೋ" ಅಂದರು.

ಬಸವಂತಪ್ಪನವರು ಎಷ್ಟು ಸಲ ನಿನ್ನ ಟೋಪಿ ಝಾಡಿಸಿದ್ದಾರೆ, ಕಲ್ಲಯ್ಯ? ನೀನು ಮರೆತ ಮಾತುಗಳನ್ನು ಎಷ್ಟು ಸಲ ಕಣ್ಣಿನಿಂದಲೇ ಎತ್ತಿಕೊಟ್ಟಿದ್ದಾರೆ?

ಇನ್ನೊಂದು ಮುಖ್ಯ ಸಂಗತಿ. ಪೆಟ್ಟಿಗೆಯ ನಗುವಿನ ವಿಷಯ ಹ್ಯಾನಾಗೆ ಹೇಳಿದೆ. ಅಮೆರಿಕದವರಿಗೂ ಅದೇ ಕಷ್ಟವಾಗಿತ್ತಂತೆ. ಕೆಲವರು ಮೂರು ಕ್ಯಾಮೆರಾ ಇಟ್ಟು, ಕ್ಯಾಮೆರಾಗಳ ಹಿಂದೆ ಮೆಟ್ಟಿಲು ಕಟ್ಟಿ ಜನರನ್ನೇ ಕೂರಿಸಿದರು. ನಾಟಕ ಆಡಿದ ಹಾಗೆ ಮೊದಲಿನಿಂದ ಕೊನೆಯವರೆಗೆ ಆಡಿಸಿ ಚಿತ್ರ ತೆಗೆದರು. ಆಗ ಟೀವಿಗೆ ರಂಗದ ಜೀವ ಬಂತಂತೆ. ನಿಮ್ಮಲ್ಲೂ ಮೂರು ಕ್ಯಾಮೆರಾ ಇವೆ ಎಂದೆಯಲ್ಲ? ಸತ್ಯನಾರಾಯಣರಿಗೆ ಹೇಳು. ನಾಳೆ ಅಲ್ಲ, ಇವತ್ತೇ!

ನಿನ್ನ ಅಕ್ಕ, ನಟಿ
ರಜನಿ

---

ಹುಬ್ಬಳ್ಳಿ ಕ್ಯಾಂಪು
೨೫ ಏಪ್ರಿಲ್ ೧೯೯೯

ನಟಿ ಅಕ್ಕನಿಗೆ ಶರಣು ಶರಣಾರ್ಥಿ!

ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ಬೆಂಗಳೂರು ಬಿಟ್ಟುಬಂದೆ ಎಂದು ಗಾಬರಿಯಾಗಬೇಡ, ಪೂರ್ತಿ ಓದು.

ನಿನ್ನ ಕಾಗದ ಬಂದ ದಿನವೇ ಸತ್ಯನಾರಾಯಣರ ಬಳಿ ಹೋದೆ. ಬಸವಂತಪ್ಪನವರಿಲ್ಲದೆ ಇನ್ನೊಂದು ಕಂತೂ ಮಾಡುವುದಿಲ್ಲ ಅಂದೆ. ಅವರಿಗೆ ಸಿಟ್ಟು ಬಂತು. "ಏನ್ರೀ ಇದು, ಜನ ನಿಮ್ಮನ್ನ ನೋಡೋಕೆ ಬರೋದು, ಅವರನ್ನಲ್ಲ!"

"ಹಂಗಾದ್ರ ಒಂದ ಕೆಲಸ ಮಾಡ್ರಿ ಸರ. ಹುಬ್ಬಳ್ಳಿಗೆ ಬರ್ರಿ. ನನ್ನ ನೋಡಬ್ಯಾಡ್ರಿ. ಆಟ ಮುಗಿಯೂ ತನಕ ಅವರೊಬ್ಬರನ್ನ ನೋಡ್ರಿ. ಆಮ್ಯಾಲೂ ಬ್ಯಾಡ ಅಂದ್ರ ನಾ ನಿಮ್ಮ ಕಾಲಿಗೆ ಬಿದ್ದು ಕಂಪನಿಗೆ ವಾಪಸ್ ಹೋಗ್ತೀನಿ."

ಬಂದರು. ಬರುವುದಿಲ್ಲ ಅಂದುಕೊಂಡಿದ್ದೆ. ಬಸವಂತಪ್ಪನವರಿಗೆ ನಾನು ಏನನ್ನೂ ತಿಳಿಸಿರಲಿಲ್ಲ. ನಾಲ್ಕು ತಿಂಗಳ ಮೇಲೆ ಬಣ್ಣದ ಕೋಣೆಗೆ ಕಾಲಿಟ್ಟೆ. ಅವರು ಕನ್ನಡಿಯಲ್ಲೇ ನನ್ನನ್ನು ನೋಡಿ, "ಸೋಪು ಎಲ್ಲೈತಿ ನೋಡು" ಅಂದರು. ಅಷ್ಟೇ. ನಾನು ಸೋಪು ಹುಡುಕುವ ನೆಪದಲ್ಲಿ ಮುಖ ಆ ಕಡೆ ತಿರುಗಿಸಿದೆ.

ಆಟ ಶುರುವಾಯಿತು. ಅಕ್ಕ, ಹನ್ನೆರಡು ವರ್ಷದಲ್ಲಿ ಮೊದಲ ಸಲ ನಾನೂ ಅವರನ್ನು ನೋಡಿದೆ. ನನ್ನ ಮಾತು ಮುಗಿಯುವ ಮೊದಲೇ ಅವರ ಹುಬ್ಬು ನಗುವಿಗೆ ಬಾಗಿಲು ತೆಗೆಯುತ್ತದೆ. ನಗು ಸಾಕಾದಾಗ ಗಂಟಲು ಸರಿಮಾಡಿಕೊಂಡು ಆ ಬಾಗಿಲು ಮುಚ್ಚುತ್ತಾರೆ. ನಾನು ಬರೀ ಒಳಗೆ ಹೊರಗೆ ಓಡಾಡುತ್ತಿದ್ದವನು!

ಮುಂದಿನ ಸಾಲಿನಲ್ಲಿ ಸತ್ಯನಾರಾಯಣರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು, ಹಾಕಿಕೊಂಡರು, ಮತ್ತೆ ತೆಗೆದರು. ಮುಗಿದ ಮೇಲೆ ನೇರ ಒಳಗೆ ಬಂದು ಬಸವಂತಪ್ಪನವರ ಕೈ ಹಿಡಿದುಕೊಂಡರು. "ಸರ್, ನಾನು ತಪ್ಪಾದ ಕಡೆ ನೋಡ್ತಾ ಇದ್ದೆ. ನೀವು ಬರಬೇಕು."

ಬಸವಂತಪ್ಪನವರು ಉತ್ತರಿಸುವ ಮೊದಲು ಸುಮ್ಮನೆ ಅವರನ್ನೇ ನೋಡಿದರು. ಸತ್ಯನಾರಾಯಣರಿಗೆ ಮತ್ತೆ ನಗು ಬಂತು. ಆಗ ಹೇಳಿದರು: "ಬರ್ತೀನ್ರಿ. ಮಂದಿ ಕೂತಿರಬೇಕು. ಪೆಟ್ಟಿಗಿ ನಗು ಇದ್ರ ನಾ ಒಲ್ಲೆ."

ನಿನ್ನ ಮೆಟ್ಟಿಲಿನ ಉಪಾಯ ಆಗ ಹೇಳಿದೆ. ಸತ್ಯನಾರಾಯಣರು ಅಲ್ಲೇ ಟ್ರಂಕಿನ ಮೇಲೆ ಕೂತು ಕೇಳಿದರು. ಮುಂದಿನ ತಿಂಗಳು ಚಿತ್ರೀಕರಣ. ಕ್ಯಾಸೆಟ್ಟು ಕಳಿಸುತ್ತೇನೆ.

ಬಸ್ ನಿಲ್ದಾಣದ ಮಾತು ನಾನು ಮರೆತಿದ್ದೇನೆ. ನೀನೂ ಮರೆ.

ಕಲ್ಲಯ್ಯ

---

ಎಜ್‌ವೇರ್
೧೮ ಜುಲೈ ೧೯೯೯

ನನ್ನ ತಮ್ಮಾ,

ಕ್ಯಾಸೆಟ್ಟು ಬಂತು. ಇವತ್ತು ಮಧ್ಯಾಹ್ನ ಹ್ಯಾನಾ ಮನೆಯಲ್ಲಿ ನೋಡಿದೆವು. ಭಾವನವರೂ ಬಂದಿದ್ದರು, ತಾವಾಗಿಯೇ. ಹ್ಯಾನಾಗೆ ಕನ್ನಡ ಬರುವುದಿಲ್ಲವಲ್ಲ, ತರ್ಜುಮೆ ಮಾಡಿ ಹೇಳುವ ಕೆಲಸ ತಮ್ಮದು ಎಂದು ಕುರ್ಚಿಯನ್ನು ಅವರ ಪಕ್ಕಕ್ಕೇ ಎಳೆದುಕೊಂಡು ಕೂತರು.

ಪರದೆಯ ಮೇಲೆ ನೀನು ಬಂದಾಗ ನನಗೆ ಏನೂ ಕಾಣಿಸಲಿಲ್ಲ, ಕಣ್ಣು ತುಂಬಿಬಿಟ್ಟಿತ್ತು. ಎಷ್ಟು ದಪ್ಪಗಾಗಿದ್ದೀ! ಬಸವಂತಪ್ಪನವರು ಅರ್ಧ ಮುಖದ ಸೋಪಿನಲ್ಲಿ ಕೂತಿದ್ದರು. ಹಿಂದೆ ಜನ, ನಿಜವಾದ ಜನ. ಒಂದು ಮಗು ಅಳುವುದೂ ಕೇಳಿತು. ಭಾವನವರಿಗೆ ನಿನ್ನ ಗದಗಿನ ಮಾತು ಅರ್ಧ ತಿಳಿಯುವುದಿಲ್ಲ. ಆದರೂ ಬಿಡದೆ ಹ್ಯಾನಾ ಕಿವಿಗೆ ಬಗ್ಗಿ, "ಕತ್ತಿಯನ್ನು ಕತ್ತೆ ತಿಂದಿತಂತೆ" ಎಂದು ಏನೇನೋ ತಪ್ಪು ತಪ್ಪು ಹೇಳುತ್ತಲೇ ಇದ್ದರು. ನಾನು ಕಣ್ಣು ಬಿಟ್ಟರೂ ನಿಲ್ಲಿಸಲಿಲ್ಲ.

ಹ್ಯಾನಾ ನಿನ್ನನ್ನು ನೋಡಲೇ ಇಲ್ಲ ಎಂದರೆ ಬೇಸರ ಮಾಡಿಕೊಳ್ಳಬೇಡ. ಕೋಲಿನ ಮೇಲೆ ಗಲ್ಲ ಊರಿ ಬಸವಂತಪ್ಪನವರನ್ನೇ ನೋಡುತ್ತಿದ್ದರು. ನೀನು ಕಥೆ ಮುಗಿಸಿ ಬಾಯಿ ಮುಚ್ಚಿದೆ. ಕ್ಯಾಮೆರಾ ಬಸವಂತಪ್ಪನವರ ಮುಖದ ಹತ್ತಿರ ಹೋಯಿತು. ಅವರು ಮಾತಾಡಲಿಲ್ಲ. ಒಣಗಿದ ಸೋಪಿನ ಒಂದು ಚೂರು ಗಲ್ಲದಿಂದ ಬಿತ್ತು. ಬಿದ್ದದ್ದನ್ನು ನೋಡಿದರು, ನಿನ್ನನ್ನು ನೋಡಿದರು. ಭಾವನವರು ಆಗಲೂ ಹ್ಯಾನಾ ಕಿವಿಯಲ್ಲಿ ಏನೋ ವಿವರಿಸುತ್ತಿದ್ದರು.

ಹ್ಯಾನಾ ಕೋಲಿನಿಂದ ಅವರ ಮೊಣಕಾಲಿಗೆ ಒಂದು ತಟ್ಟಿದರು.

"ಸುಮ್ಮನ ಕೂಡೋ! ಆ ಸೋಪಿನಾಂವ ಏನಂತಾನ ನನಗ ಕೇಳವಲ್ದು."

ನಿನ್ನ ಅಕ್ಕ
ರಜನಿ